ನೆಲ ಸಮ ಮಾಡಿದ ಮೇಲೆ

ಆ ಭಾನುವಾರ ಈ ಜರ್ಮನ್ ಊರಿನ ಸ್ಮಶಾನದಲ್ಲಿ ನನ್ನ ಗಂಡನ ಗೋರಿಕಲ್ಲಿಗೆ ಯಾರೋ ಹಳದಿ ಸ್ಟಿಕ್ಕರ್ ಅಂಟಿಸಿದ್ದರು. ದಯವಿಟ್ಟು ಆಫೀಸನ್ನು ಸಂಪರ್ಕಿಸಿ, ಅಂತ. ವೆರಿ ಪೊಲೈಟ್. ಮರುದಿನ ಮಗಳು ಫೋನ್ ಮಾಡಿ ವಿಚಾರಿಸಿದಳು. ಇಲ್ಲಿ ಗೋರಿಯ ಜಾಗ ಇಷ್ಟು ವರ್ಷಕ್ಕೆ ಅಂತ ಮಾತ್ರ ಕೊಡುವುದು; ಆ ಅವಧಿ ಮುಗಿಯಿತಂತೆ. ಕಲ್ಲು ತೆಗೆದು ನೆಲ ಸಮ ಮಾಡುತ್ತಾರಂತೆ.

"ರಿನ್ಯೂ ಮಾಡಿದರಾಯ್ತಲ್ಲ?"

"ಆಗೋದಿಲ್ಲಮ್ಮ. ನಾವು ತಗೊಂಡದ್ದು ರೈಯನ್‌ಗ್ರಾಬ್. ಸಾಲಿನದ್ದು."

ಹೌದು, ನಾವೇ ತೆಗೆದುಕೊಂಡದ್ದು. ಅವರು ತೀರಿಕೊಂಡಾಗ ಆಫೀಸಿನವರು ಎರಡು ಬಗೆ ಹೇಳಿದ್ದರು: ನಾವೇ ಆರಿಸುವ ಜಾಗ, ಇಲ್ಲವೇ ಸತ್ತವರ ಸರದಿಯಲ್ಲಿ ಬರುವ ಜಾಗ. ನಮ್ಮ ಊರು ಮಂಗಳೂರಿನಲ್ಲಿ ಚರ್ಚಿನ ಹಿಂದೆ ಡಾಕ್ಟರೂ ಹಂಚಿನ ಕಾರ್ಖಾನೆಯವನೂ ಸರದಿಯಲ್ಲೇ ಮಲಗುವುದು. ಆರಿಸುವುದು ದೊಡ್ಡಸ್ತಿಕೆ ಅನ್ನಿಸಿತು. ಸಾಲೇ ಸಾಕು ಅಂದೆವು. ಆರಿಸಿದ ಜಾಗವನ್ನು ಮಾತ್ರ ಮುಂದುವರಿಸಬಹುದು, ಅಲ್ಲಿ ಹೆಂಡತಿಗೂ ಎಡೆ ಉಂಟು ಎಂಬುದು ಆ ಅಳುವಿನಲ್ಲಿ ತಲೆಗೆ ಹೋಗಲಿಲ್ಲ. ನಾನೂ ಅಲ್ಲೇ ಹೋಗುವವಳು ಎಂದುಕೊಂಡೇ ಇಷ್ಟು ವರ್ಷ ಆ ಗಿಡಗಳಿಗೆ ನೀರು ಹಾಕಿದ್ದು.

ಅದೇ ವಾರ ಮೊಮ್ಮಗಳ ಸ್ಕೂಲ್ ಪ್ರೆಸೆಂಟೇಶನ್. ಸಿಂಗಾಪುರದ ಮೇಲೆ. ಅಡುಗೆಮನೆಯ ಟೇಬಲ್ಲಿನಲ್ಲಿ ನನ್ನೆದುರು ರಿಹರ್ಸಲ್. ಬ್ರಿಟಿಷರ ಸಣ್ಣ ಸೆಟಲ್‌ಮೆಂಟ್, ಕೆಸರು, ಜೋಪಡಿ. ಮುಂದಿನ ಸ್ಲೈಡಿಗೆ ಶ್ರೀಮಂತ ದೇಶ. ಆ ಎರಡು ಸ್ಲೈಡುಗಳ ನಡುವೆ ನಾನು ಹುಟ್ಟಿ ಬೆಳೆದೆ. ಮಂಗಳೂರಿನಿಂದ ಹೋದ ಅಪ್ಪ ಅಲ್ಲಿ ಬಂದರಿನ ಆಫೀಸಿನಲ್ಲಿ ಕ್ಲರ್ಕ್. ಕಾನ್ವೆಂಟಿನಲ್ಲಿ ಸಿಸ್ಟರುಗಳ ಇಂಗ್ಲಿಷ್, ಮನೆಯಲ್ಲಿ ತುಳು, ದೇವರ ಹತ್ತಿರ ಕನ್ನಡ.

ಒಂದು ಗುಡ್ಡದ ಮೇಲೆ ಸಾಲು ಸಾಲು ಫ್ಲಾಟುಗಳ ಚಿತ್ರ ಬಂತು. ಇಲ್ಲಿ ಮೊದಲು ಏನಿತ್ತು ಎಂದು ಜರ್ಮನಿನಲ್ಲಿ ಕೇಳಿದಳು.

"ನನ್ನ ಅಮ್ಮ" ಅಂದೆ.

ಅದು ಸ್ಮಶಾನದ ಗುಡ್ಡ. ದೇಶಕ್ಕೆ ಮನೆ ಬೇಕು, ಗೋರಿಗಳನ್ನು ತೆರವು ಮಾಡುತ್ತೇವೆ ಎಂದು ಪೇಪರಿನಲ್ಲಿ ಬಂತು. ಅಗೆಯುವ ದಿನ ಅಪ್ಪ ಟೈ ಕಟ್ಟಿಕೊಂಡು ಹೋಗಿ ಪೆಟ್ಟಿಗೆಯೊಂದನ್ನು ತಂದು ಚರ್ಚಿನ ಗೋಡೆಯ ಗೂಡಿನಲ್ಲಿ ಇಡಿಸಿದರು. ಆಮೇಲೆ ಆ ಗುಡ್ಡದ ಮೇಲೆಯೇ ಫ್ಲಾಟಿಗೆ ಅರ್ಜಿ ಹಾಕಿದರು. ಚರ್ಚಿನವರೊಬ್ಬರು ನಕ್ಕಿದ್ದರು: "ಹೆಂಡತಿಯನ್ನು ಎಬ್ಬಿಸಿ ನೀವು ಹೋಗಿ ಮಲಗುವುದಾ ಮಾರಾಯ್ರೆ?"

"ಎಲುಬು ಕೊಟ್ಟಿದ್ದಾರೆ" ಅಂದರು ಅಪ್ಪ. "ಮಿಕ್ಕದ್ದೆಲ್ಲ ಅಲ್ಲೇ ಉಂಟಲ್ಲ."

ನನಗೆ ಆ ಫ್ಲಾಟು ಇಷ್ಟವಾಗಿತ್ತು, ಗಾಡ್ ಫರ್ಗಿವ್ ಮಿ. ಲಿಫ್ಟ್, ನಲ್ಲಿಯಲ್ಲಿ ನೀರು, ಬಟ್ಟೆ ಒಣಗಿಸಲು ಕಿಟಕಿಯಾಚೆ ಬಿದಿರ ಕೋಲು. ಕೆಸರಿನ ದಿನಗಳಿಗೆ ವಾಪಸು ಹೋಗು ಅಂದರೆ ನಾನು ಹೋಗುತ್ತಿರಲಿಲ್ಲ. ಅಪ್ಪ ಮಾತ್ರ ಕೊನೆಯವರೆಗೂ ಮನೆಯೊಳಗೆ ಚಪ್ಪಲಿ ಹಾಕಲಿಲ್ಲ, ಜೋರಾಗಿ ಕಾಲಿಟ್ಟು ನಡೆಯಲೂ ಇಲ್ಲ.

"ಕ್ರೀಪಿ, ಅಜ್ಜಿ" ಅಂದಳು ಮೊಮ್ಮಗಳು. ಮತ್ತೆ, "ಇದನ್ನು ಹಾಕಲಾ?"

"ನಿನ್ನ ಟೀಚರಿಗೆ ಬೇಕಾದರೆ ಹಾಕು."

ಅವಳು ಏನೋ ಟೈಪ್ ಮಾಡಿದಳು, ಅಳಿಸಿದಳು.

ಒಲೆಯ ಹತ್ತಿರ ನಿಂತಿದ್ದ ಮಗಳು ತಿರುಗಿದಳು. "ಅಮ್ಮ, ನಾಳೆ ಅವರಿಗೆ ಉತ್ತರ ಹೇಳಬೇಕು. ಪಪ್ಪನ ಕಲ್ಲು ನಾವು ತರುವುದಾ, ಅವರೇ ತೆಗೆಯುವುದಾ?"

ಕಲ್ಲು ತಂದು ಈ ಮೂರನೇ ಮಹಡಿಯಲ್ಲಿ ಎಲ್ಲಿಡುವುದು?

"ಕಲ್ಲು ಅವರೇ ತೆಗೆಯಲಿ" ಅಂದೆ. "ಅಲ್ಲಿ ಏನು ಕಟ್ಟುತ್ತಾರೆ ಅಂತ ಕೇಳು."

"ಏನೂ ಕಟ್ಟೋದಿಲ್ಲ. ಹುಲ್ಲು ಬೆಳೆಸ್ತಾರೆ, ಅಷ್ಟೇ."

"ಹಾಗಾದರೆ ಆ ಹುಲ್ಲಿನ ಮೇಲೆ ಕೂರಲು ಬಿಡ್ತಾರಾ ಕೇಳು."

ಮಗಳು ಸೌಟು ಕೆಳಗಿಟ್ಟು, ನಾಳೆ ಕೇಳಬೇಕಾದ್ದರ ಚೀಟಿಯಲ್ಲಿ ಅದನ್ನೂ ಬರೆದುಕೊಂಡಳು. ಇಲ್ಲಿ ಯಾವ ಹುಲ್ಲಿನ ಮೇಲೆ ಕೂರಬಹುದು, ಯಾವುದರ ಮೇಲೆ ಕೂರಬಾರದು ಎಂಬುದಕ್ಕೂ ರೂಲ್ ಇರುತ್ತದೆ. ಈ ಹುಲ್ಲಿನ ರೂಲ್ ಏನೆಂದು ಅವಳಿಗೂ ಗೊತ್ತಿರಲಿಲ್ಲ.