ಕಮಲಳ ಹನ್ನೆರಡು ದಿನ

ಬೀಜಾಡಿಯ ಕಮಲ ತಿಂಗಳಿಗೊಮ್ಮೆ ತಲೆಗೆ ಕಪ್ಪು ಬಣ್ಣ ಹಚ್ಚಿಕೊಳ್ಳುವುದು ಊರಿಗೆಲ್ಲ ಗೊತ್ತಿತ್ತು. ಮೀನು ಮಾರುವವಳಿಗೆ ಈ ಶೋಕಿ ಯಾಕೆ ಎಂದು ಬಣ್ಣದ ಪೊಟ್ಟಣ ಕೊಡುವ ಕೋಟೇಶ್ವರದ ಅಂಗಡಿಯವನೂ ನಗುತ್ತಿದ್ದ. ಶೋಕಿಯೂ ಅಲ್ಲ, ಮಣ್ಣೂ ಅಲ್ಲ. ಗಂಡ ಐತ ಹೊರಟ ದಿನ ಅವಳ ತಲೆಯಲ್ಲಿ ಒಂದು ಬಿಳಿ ಕೂದಲಿರಲಿಲ್ಲ. ತಿರುಗಿ ಬಂದವನಿಗೆ ತನ್ನ ಗುರುತು ಸಿಗದೆ ಹೋದರೆ ಎಂಬ ಭಯ ಅವಳದು.

ಐತ ಹೋದದ್ದು ತೊಂಬತ್ತೇಳರಲ್ಲಿ. ರತ್ನಾಗಿರಿ ಕಡೆ ದುಡಿಯಲು ಹೋದ ಬೋಟು ಅಲ್ಲೇ ಕಡಲಲ್ಲಿ ಮಗುಚಿತು. ಮೂವರ ಹೆಣ ಸಿಕ್ಕಿತು, ಐತನದು ಸಿಗಲಿಲ್ಲ. ಹೆಣ ಸಿಗದವನ ಹೆಂಡತಿಯ ಪಾಡು ಶತ್ರುವಿಗೂ ಬೇಡ. ಕುಂಕುಮ ಇಟ್ಟರೆ ಆಡಿಕೊಳ್ಳುತ್ತಾರೆ, ಅಳಿಸಿದರೆ ಬದುಕಿದ್ದವನನ್ನೇ ಕೊಂದಳು ಅನ್ನುತ್ತಾರೆ. ಕಮಲ ಇಟ್ಟುಕೊಂಡಳು. ಹೊಟ್ಟೆ ಕೇಳಬೇಕಲ್ಲ, ಮೀನಿನ ಬುಟ್ಟಿಯನ್ನೂ ಹೊತ್ತಳು.

ಆ ಬುಟ್ಟಿ ದಿನಾ ಇಳಿಯುತ್ತಿದ್ದದ್ದು ಕುಂಭಾಶಿಯ ರಾಜೇಂದ್ರ ಶೆಟ್ಟಿ ಮಾಸ್ತರರ ಜಗಲಿಯಲ್ಲಿ. ವಿಜ್ಞಾನ ಕಲಿಸಿ ನಿವೃತ್ತರಾದವರು. ಕೇಳುವ ಮಕ್ಕಳಿಲ್ಲದೆ ಬಾಯಿ ತುರಿಸುತ್ತಿತ್ತು. ನಸುಕಿನಲ್ಲಿ ಮೀನು ತರಲು ಹೋಗುವಾಗ ಕಡಲ ಮೇಲೆ ಕಾಣುವ ನಕ್ಷತ್ರದ ಸುದ್ದಿಯನ್ನು ಕಮಲ, ಐತ ಹೋಗಿ ಎರಡು ವರ್ಷವಾಗಿದ್ದಾಗ, ಒಂದು ದಿನ ಎತ್ತಿದ್ದೇ ತಡ, ಹಿಡಿದುಕೊಂಡರು.

"ನೀ ಕಾಂಬುದ್ ಅದ್ರ್ ಹಳೀ ಬೆಳ್ಕ್ ಮಾರಾಯ್ತಿ. ಅಲ್ಲಿಂದ ಹೊರಟ್ ಇಲ್ಲಿಗ್ ಬಪ್ಪುಕೆ ನೂರಾರ್ ವರ್ಷ. ಆ ನಕ್ಷತ್ರ ಈಗ ಸತ್ತೇ ಹೋಯಿರ್ಲಕ್."

"ಎಲ್ಲಾ ಬದಿಗೂ ಹಾಂಗೆಯಾ ಮಾಷ್ಟ್ರೇ?"

"ಬೆಳ್ಕಿನ ಓಟ ಎಲ್ಲಾ ಬದಿಗೂ ಒಂದೇ. ಹೊತ್ತ್ ಮಾತ್ರ ಹಾಂಗಲ್ಲ. ಕೆಲವು ಬದಿಯಲ್ ಅದ್ ನಿಧಾನ ಹೋತ್ತ್. ಅಲ್ಲಿಗ್ ಹೋದವ್ರಿಗೆ ಒಂದ್ ದಿನ ಆಪತಿಗೆ ಇಲ್ಲಿ ಒಂದ್ ವರ್ಷ ಕಳೀಲಕ್. ತಿರ್ಗಿ ಬಂದ್ರೆ ಹೋಪತಿಗೆ ಹ್ಯಾಂಗಿದ್ರೋ ಹಾಂಗೇ ಇರ್ತ್ರ್."

ಹೇಳಿದ್ದು ಎರಡು ಮಾತು. ಸತ್ತ ನಕ್ಷತ್ರ ಕಾಣುವ ಮಾತನ್ನು ಕಮಲ ಅಲ್ಲೇ ಬಿಟ್ಟಳು, ಹೊತ್ತು ನಿಧಾನ ಹೋಗುವ ಮಾತನ್ನು ಸೆರಗಿಗೆ ಕಟ್ಟಿಕೊಂಡು ಮನೆಗೆ ತಂದಳು. ಮಾಸ್ತರರು ಆಡಿದ್ದು ಆಕಾಶದ ಮಾತು, ಇವಳು ತಿಳಿದದ್ದು ರತ್ನಾಗಿರಿಯ ಕಡಲು. "ಹಾಂಗಾರೆ ನಮ್ಮನಿಯವ್ರಿಗೆ ಈಗ ಎರಡೇ ದಿನ ಆದ್ದಾ?" ಎಂದು ಮರುದಿನ ಕೇಳಿದಾಗಲಾದರೂ ಅವರು ತಿದ್ದಬಹುದಿತ್ತು. ತಿದ್ದಲಿಲ್ಲ. ಖುಷಿಯಲ್ಲಿ ಅವಳು ಎರಡು ಬಂಗುಡೆ ಹೆಚ್ಚು ಹಾಕಿದ್ದಳು.

ಅಂದಿನಿಂದ ಬೋಟು ನಿಲ್ಲುವ ಮೀನಿನ ದಕ್ಕೆಯಲ್ಲಿ ಹೆಂಗಸರಿಗೆ ಒಂದು ಆಟ ಸಿಕ್ಕಿತು. "ಹ್ವಾಯ್ ಕಮಲಕ್ಕ, ಗಂಡ್ನಿಗೆ ಇವತ್ತ್ ಎಷ್ಟನೇ ದಿನ?" ಎಂದು ಕೇಳುವರು. ಅವಳು ವರ್ಷಕ್ಕೊಂದು ಬೆರಳು ಮಡಚಿ ಎಣಿಸಿ, "ಒಂಬತ್ತ್" ಎನ್ನುವಳು. ಹೊಟ್ಟೆ ಹಿಡಿದುಕೊಂಡು ನಗುವರು. ಅವಳಿಗೆ ಬೇಸರವಾಗುತ್ತಿರಲಿಲ್ಲ. ಒಂಬತ್ತು ದಿನ ಮನೆಗೆ ಬಾರದ ಗಂಡನಿಗಾಗಿ ಯಾರೂ ಎದೆ ಒಡೆದುಕೊಳ್ಳುವುದಿಲ್ಲ.

ಹನ್ನೆರಡನೆಯ ವರ್ಷ ಓರಗಿತ್ತಿ ಬಾಗಿಯ ಮಗಳಿಗೆ ಬಂದ ಸಂಬಂಧಗಳೆಲ್ಲ ಮುರಿದುಬಿದ್ದವು. ಕ್ರಿಯೆ ಕಾಣದ ಸತ್ತವನೊಬ್ಬ ಅಂಗಳದಲ್ಲೇ ನಿಂತಿದ್ದಾನೆ ಎಂದರು ಜೋಯಿಸರು. ಹನ್ನೆರಡು ವರ್ಷ ಸುದ್ದಿಯಿಲ್ಲದವನನ್ನು ದರ್ಭೆಯಲ್ಲಿ ಬೊಂಬೆ ಮಾಡಿ ಸುಟ್ಟು, ಉತ್ತರಕ್ರಿಯೆಯ ಬೊಜ್ಜ ಮಾಡುವುದು ಪದ್ಧತಿ. ಕಮಲ ಬಾಗಿಯ ಕಾಲು ಹಿಡಿದಳು.

"ಅವ್ರಿಗೆ ಹನ್ನೆರಡ್ ದಿನ ಆದ್ದಷ್ಟೆ ಬಾಗೀ. ಹನ್ನೆರಡ್ ದಿನಕ್ಕೆ ಯಾರಾರೂ ಗಂಡ್ನ್ ಸುಡ್ತ್ರಾ?"

"ನಿನ್ನ್ ಹನ್ನೆರಡ್ ದಿನದಗೆ ನನ್ನ್ ಮಗ್ಳ್ ಮುದ್ಕಿ ಆತ್ಲ್," ಎಂದಳು ಬಾಗಿ. ಕಮಲಳ ಬಳೆಯನ್ನೂ ಅವಳೇ ಒಡೆದಳು.

ಬೊಜ್ಜದ ದಿನ ದೀಪ ಹಚ್ಚಿಟ್ಟು, ಒಳಗೆ ಬಾಳೆಲೆಯಲ್ಲಿ ಅನ್ನ, ಮೀನಿನ ಸಾರು ಬಡಿಸಿ, ಎಲ್ಲರೂ ಹೊರಗೆ ಬಂದು ಬಾಗಿಲು ಹಾಕಿಕೊಂಡರು. ಸತ್ತವನು ಉಣ್ಣುವ ಹೊತ್ತು ಅದು, ಯಾರೂ ನೋಡಬಾರದು. ಕಮಲ ಬಾಗಿಲಿಗೆ ಕಿವಿಯಿಟ್ಟು ನಿಂತಳು. ಒಳಗೆ ಒಂದು ಸದ್ದಿಲ್ಲ. ಆ ತಿಂಗಳಿಂದ ಅವಳು ಬಣ್ಣದ ಪೊಟ್ಟಣ ತರಲಿಲ್ಲ.

ತಲೆ ಪೂರ್ತಿ ಬೆಳ್ಳಗಾಗಿ, ಎರಡು ಸಾವಿರದ ಹತ್ತರ ಬಿಸಿಲು ಏರುತ್ತಿದ್ದ ಒಂದು ಮಧ್ಯಾಹ್ನ. ಅಂಗಳದಲ್ಲಿ ಮೀನು ಒಣಗಿಸುತ್ತಿದ್ದವಳು ಬೇಲಿಯ ದಣಪೆಯ ಕಡೆ ತಲೆಯೆತ್ತಿದಳು. ನಡಿಗೆಯಲ್ಲೇ ಗುರುತು ಸಿಕ್ಕಿತು. ಐತ. ಮಾಸ್ತರರು ಹೇಳಿದ್ದು ಸುಳ್ಳಲ್ಲ ಎಂದುಕೊಂಡು ಓಡಿದಳು. ಹತ್ತಿರ ಹೋಗಿ ಮುಖ ನೋಡಿದಳು.

ಎದುರಿನ ಹಲ್ಲಿಲ್ಲ. ತಲೆ ಬೆಳ್ಳಗೆ. ಕೆನ್ನೆ ಜೋತುಬಿದ್ದಿದೆ. ಹೋದ ಹನ್ನೆರಡು ವರ್ಷವೆಲ್ಲ, ಒಂದು ದಿನವೂ ಕಡಿಮೆಯಿಲ್ಲದೆ, ಆ ಮುಖದ ಮೇಲಿತ್ತು. ರತ್ನಾಗಿರಿಯಲ್ಲೂ ಹೊತ್ತು ಬೀಜಾಡಿಯಷ್ಟೇ ಓಡಿತ್ತು.

"ಎಂತ ಮಾರಾಯ್ತಿ, ಇಷ್ಟ್ ಮುದ್ಕಿ ಆಯ್ದೆ?" ಎಂದ ಐತ.

ಉಳಿದದ್ದನ್ನೂ ಜಗಲಿಯಲ್ಲಿ ಕೂತು ತಾನೇ ಹೇಳಿದ. ಈಜಿ ದಡ ಸೇರಿದ್ದ. ಅಲ್ಲೇ ಒಬ್ಬಳನ್ನು ಕಟ್ಟಿಕೊಂಡ, ಮೂರು ಮಕ್ಕಳು. ಈಗ ಬಂದದ್ದು ಇವಳಿಗಾಗಿಯೂ ಅಲ್ಲ. ಬೊಜ್ಜದ ಸುದ್ದಿಯನ್ನು ಗಂಗೊಳ್ಳಿಯವರೊಬ್ಬರು ಅಲ್ಲಿಗೆ ಮುಟ್ಟಿಸಿದ್ದರು.

"ನಾ ಬದ್ಕಿಪ್ಪತಿಗೆ ಪಿಂಡ ಇಟ್ರಿ. ಅವತ್ತಿಂದ ಜ್ವರ ಬಿಡ್ತಿಲ್ಲೆ. ಮತ್ತೆ ಹುಟ್ಟಿದ ಹಾಂಗೆ ಶಾಂತಿ ಮಾಡ್ಸ್ಕ್ ಅಂದ್ರ್ ಭಟ್ರ್. ಕುಂಕುಮ ಇಟ್ಕಂಡ್ ನೀ ಬದಿಗೆ ಕೂಕಣ್ಕ್. ಒಂದೇ ದಿನ ಸಾಕ್, ಮತ್ತೆ ನಾ ಹೋತೆ."

ಕಮಲ ಎದ್ದಳು. "ಉಣ್ಣಿ ಮೊದ್ಲ್," ಎಂದಳು.

ಒಳಗೆ ಬಾಳೆಲೆ ಹಾಕಿ ಅನ್ನ ಬಡಿಸಿದಳು, ಮೀನಿನ ಸಾರು ಬಡಿಸಿದಳು. ಹಸಿದವನು ಗಬಕ್ಕನೆ ಕೂತ. ಎಲೆಯ ಮುಂದೆ ಅವಳು ದೀಪ ಹಚ್ಚಿಟ್ಟಾಗ ಅವನ ಕೈ ಅಲ್ಲೇ ನಿಂತಿತು. ಅವಳು ಹೊರಗೆ ಬಂದು ಬಾಗಿಲೆಳೆದು ಚಿಲಕ ಹಾಕಿ ಕೈಮುಗಿದು ನಿಂತಳು.

"ಹ್ವಾಯ್! ಬಾಗ್ಲ್ ತೆಗಿ! ನಾ ಸತ್ತಿಲ್ಲೆ ಕಮಲಾ, ಬಾಗ್ಲ್ ತೆಗಿ!"

ಕೂಗು ಕೇಳಿ ಬಾಗಿ ಓಡಿಬಂದಳು. ಕಿಟಕಿಯಲ್ಲಿ ಇಣುಕಿದಳು. "ಭಾವನೇ ಕಮಲಕ್ಕ! ತೆಗಿ!"

"ಮಾಷ್ಟ್ರ್ ಅವತ್ತೇ ಹೇಳಿದ್ರ್," ಎಂದಳು ಕಮಲ ಕೈಮುಗಿದುಕೊಂಡೇ. "ಸತ್ತ್ ಹೋದ್ದೂ ಒಂದೊಂದ್ಸಲ ಕಾಂತ್ತ್."

ಸತ್ತವರು ಉಂಡು ಮುಗಿಸಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನಿಂತಳು. ಬಾಗಿಲು ತೆಗೆದಾಗ ಎಲೆಯಲ್ಲಿ ಅನ್ನ ಬಡಿಸಿದಂತೆಯೇ ಇತ್ತು. ಐತ ಮೂಲೆಯಲ್ಲಿ ಮೊಣಕಾಲು ತಬ್ಬಿಕೊಂಡು ನಡುಗುತ್ತಿದ್ದ. ಯಾರ ಮುಖವನ್ನೂ ನೋಡದೆ ಕೋಟೇಶ್ವರದ ಬಸ್ಸಿನ ಕಡೆ ಓಡುತ್ತ ಹೋದ. ಕಮಲ ಎಲೆ ಎತ್ತಿಕೊಂಡು ಹೋಗಿ ತೆಂಗಿನ ಬುಡದಲ್ಲಿಟ್ಟಳು. ಕಾಗೆಗಳು ತಡಮಾಡಲಿಲ್ಲ.