ಮೈಕ್ ಸೆಟ್ಟಿಗೆ ಎಂಟು ಸ್ವರ

ಹಳೇಬೀಡಿನ ಬಸ್ ಸ್ಟ್ಯಾಂಡಿನ ಎದುರು ಮೈಕ್ ಸೆಟ್ ಬಾಡಿಗೆಗೆ ಕೊಡುವ ಯಜಮಾನರೊಬ್ಬರಿದ್ದಾರೆ. ವಯಸ್ಸು ಅರವತ್ತು ದಾಟಿದ್ದರೂ ಕಿವಿ ಬಲು ಚುರುಕು. ಆಂಪ್ಲಿಫೈಯರುಗಳನ್ನು ತಾವೇ ಜೋಡಿಸುತ್ತಾರೆ. ನಾನು ಅರಸೀಕೆರೆಯ ಪಾಲಿಟೆಕ್ನಿಕ್ ಒಂದರಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುವವಳು. ಬೆಳಿಗ್ಗೆ ಬಸ್ಸಿಗೆ ಕಾಯುವಾಗ ಅವರ ಅಂಗಡಿಯ ಬೆಂಚಿನ ಮೇಲೆಯೇ ನನ್ನ ಠಿಕಾಣಿ.

ಹೋದ ವರ್ಷ ಒಂದು ದಿನ ಅವರ ಮುಖ ಬಾಡಿತ್ತು. ಹೊಸ ಸೆಟ್ಟೊಂದನ್ನು ಮಾದಿಹಳ್ಳಿಯ ಹೆಂಗಸರ ಭಜನಾ ಮಂಡಳಿಗೆ ಕೊಟ್ಟಿದ್ದರಂತೆ. ಒಬ್ಬರೇ ಮಾತಾಡಿದರೆ ಸೊಗಸಾಗಿ ಕೇಳುತ್ತದೆ, ಎಲ್ಲರೂ ಕೂಡಿ ಮೆಲ್ಲಗೆ ಹಾಡಿದರೆ ಮಾತ್ರ ಕರಕರ ಎನ್ನುತ್ತದೆ. ಮಂಡಳಿಯವರು ಅದನ್ನು ವಾಪಸ್ ಕಳಿಸಿಬಿಟ್ಟಿದ್ದರು. ಒಂದೇ ಸ್ವರ ಹಾಕಿ ಎಷ್ಟು ಸಲ ಕೇಳಿದರೂ ತಪ್ಪು ಸಿಗಲಿಲ್ಲ ಎಂದು ಅವರು ಪೇಚಾಡಿಕೊಂಡರು.

ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಖುಷಿಯಾಯಿತು. ನಮ್ಮ ಲ್ಯಾಬಿಗೆ ಆಗಷ್ಟೇ ವೇವ್‌ಫಾರ್ಮ್ ಜನರೇಟರ್ ಬಂದಿತ್ತು. ಎಂಥ ಆಕಾರದ ಅಲೆಯನ್ನು ಕೇಳಿದರೂ ಹೊರಡಿಸುವ, ಹಲವು ಸ್ವರಗಳನ್ನು ಒಟ್ಟಿಗೆ ಬೆರೆಸಿ ಕೊಡುವ ಯಂತ್ರ. ಅದನ್ನು ಮುಟ್ಟಲು ಒಂದು ನೆಪ ಬೇಕಿತ್ತು. ಪ್ರಿನ್ಸಿಪಾಲರನ್ನು ಒಪ್ಪಿಸಿ, ಶನಿವಾರ ಸೆಟ್ ತನ್ನಿ ಎಂದೆ.

ಅರಸೀಕೆರೆ ಬರುವವರೆಗೂ ಅವರು ಸೆಟ್ಟನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಲ್ಯಾಬಿನಲ್ಲಿ ನಾನು ಗತ್ತಿನಿಂದಲೇ ಕೂತು ಎಂಟು ಸ್ವರಗಳನ್ನು ಸಮಾನ ಅಂತರದಲ್ಲಿ, ಸಮಾನ ಬಲದಲ್ಲಿ ತುಂಬಿ ಗುಂಡಿ ಒತ್ತಿದೆ. ಸ್ಪೀಕರು ಕಟಕಟ ಬಡಿದುಕೊಂಡಿತು. ಹೊರೆ ಮಿತಿ ಮೀರಿತೆಂದು ಹೇಳುವ ಸೆಟ್ಟಿನ ಕೆಂಪು ದೀಪ ಹತ್ತಿತು.

“ಯಜಮಾನ್ರೇ, ನಿಮ್ಮ ಸೆಟ್ಟಿಗೆ ತಾಕತ್ತು ಸಾಲದು” ಎಂದು ತೀರ್ಪು ಕೊಟ್ಟೇಬಿಟ್ಟೆ.

ಅವರಿಗೆ ನೋವಾದದ್ದು ಕಂಡಿತು. ಆದರೂ ಮಾತು ಬೆಳೆಸದೆ ಕನ್ನಡಕ ಹಾಕಿಕೊಂಡು, ಸೆಟ್ಟನ್ನು ಬಿಡಿಸಿ ಯಂತ್ರದ ಅಲೆಯೊಂದನ್ನೇ ತೋರಿಸಿ ಎಂದರು. ಆಸಿಲೋಸ್ಕೋಪಿನ ಪರದೆಯ ಮೇಲೆ ಒಂದಷ್ಟು ದೂರಕ್ಕೊಂದು ಉದ್ದನೆಯ ಮುಳ್ಳು ಎದ್ದು ನಿಂತಿತ್ತು, ನಡುವೆ ಹೆಚ್ಚೇನೂ ಇರಲಿಲ್ಲ.

“ಇದು ಹಾಡಲ್ಲ ಮೇಡಂ, ಏಟು. ಎಂಟು ಜನಾನೂ ಒಂದೇ ಸಲಕ್ಕೆ ಕೂಗಿದ್ರೆ ಯಾವ ಸೆಟ್ ತಡ್ಕೊಂತದೆ? ಹಾಡೋರು ಹಂಗೆ ಹಾಡಾಕಿಲ್ಲ.”

ನನ್ನ ಕಿವಿ ಬಿಸಿಯಾಯಿತು. ಪ್ರತಿ ಸ್ವರದ ಅಲೆ ಎಲ್ಲಿಂದ ಶುರುವಾಗಬೇಕೆಂದು ಹೇಳುವ ಫೇಸ್ ಎಂಬ ಸಾಲನ್ನು ನಾನು ಸೊನ್ನೆಯಲ್ಲೇ ಬಿಟ್ಟಿದ್ದೆ. ಎಂಟೂ ಒಂದೇ ಗಳಿಗೆಗೆ ತುದಿ ಮುಟ್ಟಿ, ಒಂದರ ಮೇಲೊಂದು ಕೂಡಿಕೊಳ್ಳುತ್ತಿದ್ದವು. ವಿದ್ಯಾರ್ಥಿಗಳು ಹೀಗೆ ಮಾಡಿದ್ದರೆ ಅಂಕ ಕಳೆಯುತ್ತಿದ್ದೆ. ಒಂದೊಂದಕ್ಕೂ ಬೇರೆ ಬೇರೆ ಫೇಸ್ ಕೊಟ್ಟೆ. ಸ್ವರಗಳೂ ಅವೇ, ಬಲವೂ ಅಷ್ಟೇ, ಆದರೆ ಮುಳ್ಳು ಅರ್ಧಕ್ಕಿಳಿಯಿತು. ಸೆಟ್ ಜೋಡಿಸಿದರೆ ಕೆಂಪು ದೀಪ ಹತ್ತಲಿಲ್ಲ. ಅವರಲ್ಲಿ ಕ್ಷಮೆ ಕೇಳಿದೆ. ಅವರು ನಕ್ಕು, ಈಗ ಭಜನೆಯಷ್ಟು ಮೆಲ್ಲಗೆ ಮಾಡಿ ಎಂದರು.

ದನಿ ತಗ್ಗಿಸಿದೊಡನೆ ಕರಕರ ಕೇಳಿಸಿತು. ನಾನು ನಾಲ್ಕನೆಯ ಸ್ವರವನ್ನು ಪಟ್ಟಿಯಿಂದ ತೆಗೆದುಹಾಕಿ, ಸ್ವರಗಳನ್ನು ಬಿಡಿಬಿಡಿಯಾಗಿ ಗೆರೆಗಳಂತೆ ತೋರಿಸುವ ಪರದೆಗೆ ಸೆಟ್ಟಿನ ತಂತಿ ಸಿಕ್ಕಿಸಿದೆ. ನಾಲ್ಕನೆಯ ಜಾಗ ಖಾಲಿಯಿರಬೇಕಿತ್ತು. ಅಲ್ಲೊಂದು ಗೆರೆ ನಿಂತಿತ್ತು! ಉಳಿದ ಏಳನ್ನು ಬೆರಕೆ ಮಾಡಿ ಸೆಟ್ಟೇ ಅದನ್ನು ಹುಟ್ಟಿಸುತ್ತಿತ್ತು, ಕರಕರ ಅದರದ್ದೇ. ಒಂದೇ ಸ್ವರ ಹಾಕಿದರೆ ಬೆರೆಯಲು ಇನ್ನೊಂದು ಇರುವುದಿಲ್ಲ, ಅದಕ್ಕೇ ಅವರಿಗೆ ತಪ್ಪು ಸಿಕ್ಕಿರಲಿಲ್ಲ.

ಮೆಲುದನಿಗೆ ಒಳಗೆ ಕರೆಂಟು ಸಾಲುತ್ತಿಲ್ಲ ಎಂದು ಯಜಮಾನರು ಮುಚ್ಚಳ ಬಿಚ್ಚಿದರು. ಟ್ರಾನ್ಸಿಸ್ಟರುಗಳು ಸುಮ್ಮನಿರುವಾಗಲೂ ತುಸು ಕರೆಂಟು ಹರಿಯುವಂತೆ ನೋಡಿಕೊಳ್ಳುವ ಪುಟ್ಟ ತಿರುಪಿಗೆ ಸ್ಕ್ರೂಡ್ರೈವರ್ ಇಟ್ಟು, ಕಣ್ಣು ಪರದೆಯ ಮೇಲಿಟ್ಟು ಕೂದಲೆಳೆಯಷ್ಟು ತಿರುಗಿಸಿದರು. ಗೆರೆ ಕುಗ್ಗಿತು. ಇನ್ನಷ್ಟು ತಿರುಗಿಸಿದರು. ಗೆರೆ ಹುಡುಕಿದರೂ ಸಿಗದಷ್ಟಾಯಿತು. ಬಿಸಿಯೇರಿತೇನೋ ಎಂದು ಟ್ರಾನ್ಸಿಸ್ಟರ್ ಕೂರಿಸಿದ ಅಲ್ಯೂಮಿನಿಯಮ್ ಪಟ್ಟಿಯನ್ನು ಮುಟ್ಟಿ ನೋಡಿ, ಸಾಕೆಂದು ಕೈ ತೆಗೆದರು.

ಮುಂದಿನ ವಾರ ಮಂಡಳಿಯವರು ಸೆಟ್ಟನ್ನು ಮತ್ತೆ ಒಯ್ದರು, ತಕರಾರು ಬರಲಿಲ್ಲ. ಯಜಮಾನರಿಗೆ ಮಾತ್ರ ಯಂತ್ರದ ರುಚಿ ಹತ್ತಿಬಿಟ್ಟಿತ್ತು. ಇನ್ನೊಂದು ಶನಿವಾರ ಬಂದವರು, ಈ ಸಲ ನಾನೇ ಹಾಕ್ತೀನಿ ಎಂದು ಕುರ್ಚಿ ಎಳೆದುಕೊಂಡರು. ಒಂದೇ ಬೆರಳಿನಿಂದ ಹನ್ನೆರಡು ಸ್ವರ ತುಂಬಿ, ಪ್ರತಿಯೊಂದರ ಫೇಸನ್ನೂ ಮೂರು ಮೂರು ಸಲ ಬದಲಾಯಿಸಿ ಕೇಳಿದರು. ನಾವಿಬ್ಬರೂ ಬಸ್ ತಪ್ಪಿಸಿಕೊಂಡೆವು.