ಲಂಗ ಬಿದ್ದ ಹಂಡೆ

ಒಲ್ತ್ ಹೊಳೆಯ ದಂಡೆಯ ಜಿಪ್ಸಿ ತಾಮ್ರಗಾರರ ಕೇರಿಯಲ್ಲಿ ಜಾಂಬಿಲಾಳ ಬಾಯಿಗೆ ಹೆದರದವರಿರಲಿಲ್ಲ. ಸೊಂಟದ ಮೇಲಿನ ಬಟ್ಟೆಗೂ ಕೆಳಗಿನ ಬಟ್ಟೆಗೂ ಯಾರ ಮನೆಯಲ್ಲಿ ಒಗೆಯಲು ಬೇರೆ ಬೇರೆ ಬೋಗುಣಿ ಇದೆ, ಯಾರ ಲಂಗ ಊಟದ ತಟ್ಟೆಗೆ ಸೋಕಿತು, ಇದೇ ಅವಳ ವಿಚಾರಣೆ. ಗಾಡಿಯ ನೆರಳಲ್ಲಿ ಹುಟ್ಟಿ ಡೇರೆಯಲ್ಲಿ ಬೆಳೆದವಳು, ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಹೆಂಗಸಿನ ಲಂಗ ಸೋಕಿದ ಪಾತ್ರೆ ಮೈಲಿಗೆ, ಅದನ್ನು ಎಸೆಯಲೇಬೇಕು. ಅವಳಿಗೆ ಗೊತ್ತಿದ್ದ ಕಾನೂನು ಇದೊಂದೇ, ಅದನ್ನು ಮಾತ್ರ ಅರೆದು ಕುಡಿದಿದ್ದಳು. ಹಿಂದೊಮ್ಮೆ ಪಕ್ಕದ ಮನೆಯ ಲಿಮೋನಾಳ ಲಂಗ ಗಾಳಿಗೆ ಹಾರಿ ಸಾರಿನ ಪಾತ್ರೆಯ ಮೇಲೆ ಬಿತ್ತು. ಲಿಮೋನಾ ಪಾತ್ರೆಯನ್ನು ಎಸೆಯದೆ ಉಜ್ಜಿ ಇಟ್ಟುಕೊಂಡಳು. ಜಾಂಬಿಲಾ ಬಿಟ್ಟಾಳೆಯೇ? ಹಿರಿಯರ ಪಂಚಾಯಿತಿ ಸೇರಿಸಿದಳು. ಒಂದು ಚಳಿಗಾಲವಿಡೀ ಆ ಮನೆಯಲ್ಲಿ ಯಾರೂ ಒಂದು ಲೋಟ ನೀರು ಕುಡಿಯಲಿಲ್ಲ. ಲಿಮೋನಾ ಅತ್ತೂ ಕರೆದೂ ಸೊರಗಿದಳು. ಜಾಂಬಿಲಾಗೆ ಅಯ್ಯೋ ಅನಿಸಲಿಲ್ಲ.

ಅವಳ ಗಂಡ ದ್ರಾಗುಶ್ ತದ್ವಿರುದ್ಧ. ಬದುಕೆಲ್ಲ ತಾಮ್ರ ಬಡಿದು ಬಡಿದು ಕಿವಿ ಮಂದವಾಗಿತ್ತು, ಹೆಂಡತಿಯ ಅರ್ಧ ಬೈಗುಳ ಅವನಿಗೆ ಕೇಳಿಸುತ್ತಲೂ ಇರಲಿಲ್ಲ. ಆ ವರ್ಷ ಪ್ಲಮ್ ಹಣ್ಣಿನ ಸುಗ್ಗಿಯಲ್ಲಿ ರೈತನೊಬ್ಬ ಸಾರಾಯಿ ಕಾಯಿಸುವ ಹಂಡೆ ಮಾಡಿಕೊಡು ಎಂದು ಬಂದಿದ್ದ. ಹೊಸ ತಾಮ್ರ ಎಲ್ಲಿಂದ ತರುವುದು? ದ್ರಾಗುಶ್ ಅಪ್ಪನ ಕಾಲದ ಹಳೆಯ ಹಂಡೆಯನ್ನು ಕತ್ತರಿಸಿ, ಬಡಿದು, ಹೊಸದು ಕಟ್ಟಿದ. ತಳವನ್ನು ಮಾತ್ರ ಹಾಗೇ ಉಳಿಸಿಕೊಂಡ. ಅದರ ಮೇಲೆ ಅಪ್ಪ ಉಳಿಯಿಂದ ಕೊರೆದ ನಕ್ಷತ್ರವಿತ್ತು.

ಅದೇ ವಾರ ಆಚೆ ಹಳ್ಳಿಯ ಚರ್ಚಿನ ಮಾಡಿಗೆ ಹೊದಿಸಿದ್ದ ತಾಮ್ರದ ತಗಡು ಕಳುವಾಯಿತು. ಚರ್ಚಿನ ಸುತ್ತಲಿನ ಮನೆಗಳ ಒಂದು ಬಾಗಿಲನ್ನೂ ಪೊಲೀಸರು ತಟ್ಟಲಿಲ್ಲ. ಮಾಡಿನ ರಿಪೇರಿಗೆ ಪಟ್ಟಣದಿಂದ ಬಂದಿದ್ದ ಕೆಲಸದವರನ್ನು ಒಂದು ಮಾತು ಕೇಳಲಿಲ್ಲ. ಸೀದಾ ನಾಯಿಗಳನ್ನು ಕಟ್ಟಿಕೊಂಡು ಈ ಕೇರಿಗೆ ಬಂದರು. ತಾಮ್ರ ಹೋಗಿದೆ, ಇಲ್ಲಿ ಜಿಪ್ಸಿಗಳಿದ್ದಾರೆ, ಮುಗಿಯಿತಲ್ಲ ತನಿಖೆ!

ಶನಿವಾರ ಬೆಳಿಗ್ಗೆ ಜಾಂಬಿಲಾ ಜೋಳದ ಹಿಟ್ಟಿನ ಮುದ್ದೆ, ಮಾಮಲೀಗ, ತಿರುವುತ್ತಿದ್ದಾಗ ಬಾಗಿಲು ಮುರಿದು ಒಳಬಿತ್ತು. ಮುಸುಕು ಹಾಕಿಕೊಂಡ ಪೊಲೀಸರು ನುಗ್ಗಿದರು. ಹಿಂದಿನಿಂದ ಇನ್ಸ್‌ಪೆಕ್ಟರ್ ಪ್ರುತ್ಯಾನು ಸಿಗರೇಟು ಸೇದುತ್ತ ನಿಧಾನವಾಗಿ ಬಂದ.

"ಸಾಹೇಬ್ರೇ, ಮನೆ ಹುಡುಕೋಕೆ ಕೋರ್ಟಿನ ಕಾಗದ ಇದ್ಯಾ?" ಎಂದ ದ್ರಾಗುಶ್.

"ಇದ್ರೆ? ಓದೋಕೆ ಬರುತ್ತೇನೋ ನಿಂಗೆ?"

ಮುಸುಕಿನವರು ನಕ್ಕರು. ದಿಂಬು ಹರಿದರು, ಹಿಟ್ಟು ಚೆಲ್ಲಿದರು. ಒಬ್ಬ ಪೆಟ್ಟಿಗೆಯಿಂದ ಜಾಂಬಿಲಾಳ ಲಂಗಗಳನ್ನೆಲ್ಲ ಬಾಚಿ ತೆಗೆದು, ಕೊಡವಿ, ಕೈಗೆ ಸಿಕ್ಕಲ್ಲಿ ಎಸೆದ. ಒಂದು ತಟ್ಟೆಗಳ ಮೇಲೆ ಬಿತ್ತು. ಉಳಿದವು ಮೂಲೆಯಲ್ಲಿ ಫಳಫಳ ಹೊಳೆಯುತ್ತಿದ್ದ ಹೊಸ ಹಂಡೆಯ ಒಳಗೇ ಬಿದ್ದವು.

ಜಾಂಬಿಲಾ ಕಿಟಾರನೆ ಕಿರುಚಿದಳು. ಬಾಗಿಲು ಮುರಿದಾಗ ಕಿರುಚಿರಲಿಲ್ಲ, ನಾಯಿ ಮೈಮೇಲೆ ಬಂದಾಗಲೂ ಕಿರುಚಿರಲಿಲ್ಲ.

"ನೋಡಿದ್ಯಾ, ಹಂಡೆ ಹತ್ರ ಹೋದ್ರೆ ಹೆಂಗೆ ಉರಿ ಹತ್ತುತ್ತೆ!" ಎಂದ ಪ್ರುತ್ಯಾನು. "ಇದೇ ಕಣೋ ಮಾಲು."

"ಅದು ನಮ್ಮಪ್ಪಂದು ಸಾಹೇಬ್ರೇ. ತಳದಲ್ಲಿ ಅವನ ಗುರುತು ಇದೆ, ನೋಡಿ," ಎಂದು ದ್ರಾಗುಶ್ ಗೋಗರೆದ.

"ನಾನ್ಯಾಕೆ ಬಗ್ಗಲಿ? ಸೋಮವಾರ ತಿಳಿದವರು ಬಂದು ನೋಡ್ತಾರೆ. ಅಲ್ಲೀವರೆಗೂ ಇದು ಇಲ್ಲೇ ಇರಬೇಕು."

ಹಂಡೆ ವ್ಯಾನಿನ ಬಾಗಿಲಲ್ಲಿ ಹಿಡಿಸಲಿಲ್ಲ. ದ್ರಾಗುಶ್ ಹಿಡಿಸಿದ. ಕೈಗೆ ಕೋಳ ಹಾಕಿ ತಳ್ಳಿಕೊಂಡು ಹೋದರು.

ಕೇರಿಯವರೆಲ್ಲ ಬೇಲಿಗೆ ಆತು ನಿಂತಿದ್ದರು. ಲಿಮೋನಾ ಮಾತ್ರ ಮುರಿದ ಬಾಗಿಲಿಂದ ಒಳಗೆ ಇಣುಕಿ, ಲಂಗ ತುಂಬಿದ ಹಂಡೆಯನ್ನು ಕಣ್ತುಂಬ ನೋಡಿದಳು.

"ಜಾಂಬಿಲಕ್ಕಾ, ಇಷ್ಟು ಚಂದದ ಹಂಡೆ! ಉಜ್ಜಿ ಇಟ್ಕೊಳ್ತೀಯೇನೋ, ಅಲ್ವಾ?"

ಜಾಂಬಿಲಾಳ ಮೈಯೆಲ್ಲ ಉರಿದುಹೋಯಿತು. ತಟ್ಟೆಗಳನ್ನು ಅಲ್ಲೇ ಅಂಗಳದಲ್ಲಿ ಒಡೆದು ಹಾಕಿದಳು. ಗಂಡನ ಉಳಿ, ಸುತ್ತಿಗೆ ತಂದು ಹಂಡೆಯನ್ನು ಚೂರು ಚೂರು ಮಾಡಿದಳು. ಭಾನುವಾರ ಆ ಚೂರುಗಳನ್ನು ಕೋಲಿನಿಂದ ದೂಡುತ್ತ ಹೊಳೆಯವರೆಗೂ ಒಯ್ದು ನೀರಿಗೆ ತಳ್ಳಿದಳು. ಇನ್ಸ್‌ಪೆಕ್ಟರ್ ಹೇಳಿದ್ದು ನೆನಪಿರಲಿಲ್ಲವೇ? ಇತ್ತು. ಆದರೆ ಅವಳ ತಿಳಿವಳಿಕೆಯಲ್ಲಿ ಸಾಕ್ಷಿ ಎಂದರೆ ಮನುಷ್ಯ. ಅವರ ಪಂಚಾಯಿತಿಯಲ್ಲಿ ಹಿರಿಯರ ಎದುರು ಮೇಣದಬತ್ತಿ ಹಿಡಿದು, ಸತ್ತ ಅಪ್ಪನ ಮೇಲೆ ಆಣೆ ಮಾಡಿದರೆ ವ್ಯಾಜ್ಯ ಮುಗಿಯಿತು. ದ್ರಾಗುಶ್ ಆಣೆ ಮಾಡುತ್ತಾನೆ, ಮನೆಗೆ ಬರುತ್ತಾನೆ. ಮೈಲಿಗೆಯಾದ ಪಾತ್ರೆಯನ್ನು ಯಾವ ದೊರೆ ತಾನೇ ಮುಂದಿಟ್ಟುಕೊಂಡು ನ್ಯಾಯ ಹೇಳುತ್ತಾನೆ?

ಸೋಮವಾರ ಪ್ರುತ್ಯಾನು ಬಂದು ಖಾಲಿ ಮೂಲೆ, ಅಲ್ಲೇ ಬಿದ್ದಿದ್ದ ಉಳಿ, ಸುತ್ತಿಗೆ ನೋಡಿದ. ಕೋಪ ಮಾಡಿಕೊಳ್ಳಲಿಲ್ಲ, ಖುಷಿಪಟ್ಟ.

"ಶಹಬ್ಬಾಸ್ ಮುದುಕಿ! ಗಂಡನ್ನ ನೀನೇ ಜೈಲಿಗೆ ಕಳಿಸಿದೆ. ಸಾಕ್ಷಿ ನಾಶ ಮಾಡಿದ್ದಕ್ಕೆ ನಿನ್ನ ಮೇಲೆ ಬೇರೆ ಕೇಸು. ಯಾಕೆ ಒಡೆದೆ?"

ಹೇಳಬೇಕೆಂದರೆ ಸೊಂಟದ ಕೆಳಗಿನ ಮಾತು ಆಡಬೇಕು, ಅದೂ ಗಂಡಸರ ಮುಂದೆ.

"ನಿಮ್ಮವನು... ನನ್ನ ಲಂಗ ಅದರೊಳಗೆ ಹಾಕಿದ," ಎಂದಳು ನೆಲ ನೋಡುತ್ತ.

"ಲಂಗಾನಾ?" ಪೊಲೀಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಜೀಪು ಹತ್ತಿದ ಮೇಲೂ ಅವರ ನಗು ನಿಲ್ಲಲಿಲ್ಲ.

ಈ ಜನರ ನ್ಯಾಯದಲ್ಲಿ ಮನುಷ್ಯನ ಮಾತಿಗೆ ಬೆಲೆಯಿಲ್ಲ, ತಗಡಿನ ಮಾತಿಗೆ ಇದೆ ಎಂದು ಜಾಂಬಿಲಾಗೆ ಆಗ ಅರ್ಥವಾಯಿತು. ಆ ತಗಡನ್ನು ತನ್ನ ಕೈಯಾರೆ ನೀರುಪಾಲು ಮಾಡಿದ್ದಳು. ಹೊಳೆಗೆ ನಡೆದಳು. ಶರತ್ಕಾಲದ ನೀರು ಮೂಳೆ ಕೊರೆಯುತ್ತಿತ್ತು. ಎದೆಯುದ್ದ ಇಳಿದು, ಕಾಲಿನಿಂದ ತಡಕಿ, ಮುಳುಗಿ, ಕೊನೆಗೆ ನಕ್ಷತ್ರವಿದ್ದ ತಳದ ತುಂಡನ್ನು ಎಳೆದು ತಂದಳು. ಆ ಭಾರ ಕೈಯಲ್ಲಿ ಹೊರಲಾಗದೆ ತಲೆಯ ಮೇಲಿಟ್ಟುಕೊಂಡಳು. ಹೆಂಗಸರ ಲಂಗ ಬಿದ್ದ ತಾಮ್ರವನ್ನು ತಲೆಯ ಮೇಲೆ ಹೊತ್ತು, ಹಾಡಹಗಲೇ ಕೇರಿಯ ನಡುವೆ ನಡೆದಳು. ಜನ ಮಕ್ಕಳನ್ನು ಒಳಗೆಳೆದುಕೊಂಡರು.

ಠಾಣೆಯಲ್ಲಿ ಅದನ್ನು ಪ್ರುತ್ಯಾನುವಿನ ಮೇಜಿನ ಮೇಲೆ ಇಟ್ಟಳು. ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ನೋಡಿ ಸಾಹೇಬ್ರೇ. ಮಾವನ ಗುರುತು. ಹಳೇ ತಾಮ್ರ, ಬೆರಳು ದಪ್ಪ ಇದೆ. ಚರ್ಚಿಂದು ತೆಳು ತಗಡು."

ಪ್ರುತ್ಯಾನು ಬೆರಳಿನಿಂದ ಅಂಚು ಒತ್ತಿ ನೋಡಿದ. ನಕ್ಷತ್ರವನ್ನೂ ನೋಡಿದ. ತಲೆಯಾಡಿಸಿದ.

"ಹೌದು, ಇದು ಚರ್ಚಿಂದಲ್ಲ."

ಜಾಂಬಿಲಾ ಶಿಲುಬೆಯ ಗುರುತು ಮಾಡಿಕೊಂಡಳು.

"ಹಾಗಾದ್ರೆ ಹೇಳು, ಇದನ್ನ ಎಲ್ಲಿಂದ ಕದ್ರಿ?"

ಇಂಥ ಪ್ರಶ್ನೆಗೆ ಭೂಮಿಯ ಮೇಲೆ ಯಾರಿಗೆ ಉತ್ತರ ಹೊಳೆದೀತು? ತುಂಡನ್ನು ಮೂಲೆಗೆ ಒದ್ದು, ಅವಳನ್ನು ಹೊರಗೆ ಕಳಿಸಿದರು.

ಚಳಿ ಶುರುವಾಗುವ ಹೊತ್ತಿಗೆ ಕಳ್ಳರು ಸಿಕ್ಕರು. ಮಾಡಿನ ರಿಪೇರಿಗೆ ಬಂದಿದ್ದ ಅದೇ ಕೆಲಸದವರು, ಪಟ್ಟಣದ ಗುಜರಿಯಲ್ಲಿ ತಗಡು ಮಾರುವಾಗ ತಾವಾಗಿಯೇ ಸಿಕ್ಕಿಬಿದ್ದರು. ದ್ರಾಗುಶ್‌ನನ್ನು ಬಿಟ್ಟರು. ತಪ್ಪಾಯಿತು ಎಂದು ಯಾವ ಬಾಯಿಯೂ ಹೇಳಲಿಲ್ಲ. ಜಾಂಬಿಲಾಳ ಮೇಲಿನ ಕೇಸನ್ನಂತೂ ಬಿಡಲಿಲ್ಲ. ಅವಳ ಗಂಡ ಮಾಡದ ಕಳ್ಳತನದ ಸಾಕ್ಷಿಯನ್ನು ಅವಳು ನಾಶ ಮಾಡಿದ್ದಳಂತೆ!

ಇತ್ತ ಕೇರಿಯ ಪಂಚಾಯಿತಿಯೂ ಸುಮ್ಮನೆ ಕೂತಿರಲಿಲ್ಲ. ಮೈಲಿಗೆಯನ್ನು ತಲೆಯ ಮೇಲೆ ಹೊತ್ತವಳ ಕೈಯಿಂದ ಯಾರೂ ಏನೂ ತಿನ್ನಕೂಡದು ಎಂದು ತೀರ್ಪಾಗಿತ್ತು. ಲಿಮೋನಾ ಕೇಳಿದ್ದು ಒಂದೇ ಮಾತು: "ನನಗಾದ ನ್ಯಾಯ ಅವಳಿಗಿಲ್ವಾ?" ಜಾಂಬಿಲಾ ಎದುರಾಡಲಿಲ್ಲ. ತೀರ್ಪು ಸರಿಯಾಗಿದೆ ಎಂದು ತಾನೇ ಹೇಳಿದಳು.

ದ್ರಾಗುಶ್ ಬಂದ ದಿನ ಅವಳು ಬಾಗಿಲಲ್ಲಿ ನಿಂತು ಬ್ರೆಡ್ಡು ಮುರಿದು ಒಬ್ಬಳೇ ತಿನ್ನುತ್ತಿದ್ದಳು. ಅವನ ಕೆನ್ನೆ ಒಳಗೆ ಹೋಗಿತ್ತು, ಒಂದು ಹಲ್ಲು ಇರಲಿಲ್ಲ. ಓಡಿಹೋಗಿ ತಬ್ಬಿಕೊಳ್ಳಬೇಕೆನಿಸಿತು, ಒಂದು ಹೆಜ್ಜೆ ಹಿಂದೆ ಸರಿದಳು.

"ಹತ್ರ ಬರಬೇಡ," ಎಂದು ಕೂಗಿದಳು, ಮಂದ ಕಿವಿಗೂ ಕೇಳುವಂತೆ. "ಊಟ ಲಿಮೋನಾ ಕೊಡ್ತಾಳೆ, ಅವಳ ಮನೆಗೆ ಹೋಗು."

ಬೇಲಿಯಾಚೆ ಲಿಮೋನಾ ಹಬೆಯಾಡುವ ತಟ್ಟೆ ಹಿಡಿದು ನಿಂತೇ ಇದ್ದಳು. ದ್ರಾಗುಶ್ ಅವಳನ್ನು ನೋಡಿದ, ಸೇರಿದ್ದ ಜನರನ್ನು ನೋಡಿದ. ಆಮೇಲೆ ನಾಲ್ಕು ಹೆಜ್ಜೆ ಹಾಕಿ ಬಂದು, ಹೆಂಡತಿಯ ಕೈಯಲ್ಲಿದ್ದ ಬ್ರೆಡ್ಡನ್ನು ಕಿತ್ತು ಬಾಯಿಗೆ ತುಂಬಿಕೊಂಡ.

"ಥೂ, ಹುಚ್ಚಾ! ಉಗಿ ಅದನ್ನ!" ಜಾಂಬಿಲಾ ಅವನ ಕೆನ್ನೆ ಹಿಂಡಿದಳು, ಬೆನ್ನಿಗೆ ಗುದ್ದಿದಳು. "ನಿನ್ನನ್ನೂ ಹೊರಗೆ ಹಾಕ್ತಾರೆ ಕಣೋ! ಉಗಿ!"

"ಏನು? ಕೇಳಿಸ್ತಾ ಇಲ್ಲ," ಎಂದ ದ್ರಾಗುಶ್, ಹಲ್ಲಿದ್ದ ಕಡೆಯಿಂದ ನಿಧಾನವಾಗಿ ಅಗಿಯುತ್ತ.